ಒಂಬತ್ತು ಪ್ರಶ್ನೆ, ಹಿಂದೆ ಇಪ್ಪತ್ತು ಜನ!

"ಎರಡು ವಾರದಿಂದ ಮನಸ್ಸಿಗೆ ಬೇಜಾರು ಇದೆಯೇನಮ್ಮಾ? ದಿನಾಲೂನೋ, ಆಗಾಗ್ಗೇನೋ?"

ಸರ್ಕಾರಿ ಆಸ್ಪತ್ರೆಯೊಂದರ ಮನೋರೋಗ ವಿಭಾಗದ ಮುಂದೆ ಮೊನ್ನೆ ಕಿವಿಗೆ ಬಿದ್ದ ಮಾತಿದು. ಕೇಳಿದವರು ನರ್ಸಮ್ಮ, ಕೈಯಲ್ಲಿ ಅಚ್ಚಾದ ಒಂದು ಹಾಳೆ. ಉತ್ತರ ಕೊಡಬೇಕಾದವರು ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದಿದ್ದ ಅರವತ್ತು ದಾಟಿದ ಅಜ್ಜಿ. ಪಕ್ಕದಲ್ಲಿ ಮಗ, ಸೊಸೆ. ಹಿಂದೆ ಚೀಟಿ ಹಿಡಿದು ನಿಂತ ಇಪ್ಪತ್ತು ಜನ. ಅಜ್ಜಿ ಸೊಸೆಯ ಮುಖ ನೋಡಿದರು. "ಏನಿಲ್ಲ ತಾಯಿ" ಅಂದರು. ಉಳಿದ ಎಂಟಕ್ಕೂ ಅದೇ ಉತ್ತರ. ಒಟ್ಟು ಅಂಕ ಸೊನ್ನೆ!

ಏನೂ ಇಲ್ಲದಿದ್ದರೆ ಆ ಹೆಣ್ಣುಮಗಳು ಮೊದಲ ಬಸ್ಸಿಗೆ ಇಲ್ಲಿ ತನಕ ಯಾಕೆ ಬರ್ತಿದ್ದರು ಸ್ವಾಮಿ?

ಹಾಳೆಯ ಹೆಸರು ಪಿ.ಎಚ್.ಕ್ಯೂ.-9. ಅಮೆರಿಕದ ವೈದ್ಯರು ರೂಪಿಸಿ, ಪರೀಕ್ಷಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದ್ದು. ಕನ್ನಡದಲ್ಲೂ ಇದೆ. ಒಂಬತ್ತು ಪ್ರಶ್ನೆಗೆ ತಲಾ ಸೊನ್ನೆಯಿಂದ 3 ಅಂಕ, ಒಟ್ಟು 27. 10 ಮುಟ್ಟಿದರೆ ಡಾಕ್ಟರು ಕೂರಿಸಿಕೊಂಡು ವಿವರವಾಗಿ ವಿಚಾರಿಸಬೇಕು. ಇದು ಪಾಸು-ಫೇಲಿನ ಪರೀಕ್ಷೆ ಅಲ್ಲ, ಖಾಯಿಲೆಯ ತೀರ್ಪೂ ಅಲ್ಲ. ಆಶಾ ಕಾರ್ಯಕರ್ತೆಯರು ಬಿ.ಪಿ., ಶುಗರ್ ತಪಾಸಣೆಗೆ ಮನೆಗೆ ತರುವ ಫಾರಂನಲ್ಲೂ ಇದರ ಮೊದಲ ಎರಡು ಪ್ರಶ್ನೆ ಸೇರಿಕೊಂಡಿವೆ.

ರೋಗಿ ತಾನೇ ಓದಿ ತಾನೇ ಗುರುತು ಹಾಕಲಿ ಅಂತ ಮಾಡಿದ ಹಾಳೆ ಇದು. ಓದು ಬಾರದವರಿಗೆ ಇನ್ನೊಬ್ಬರು ಗಟ್ಟಿಯಾಗಿ ಓದಲೇಬೇಕು. ಅಲ್ಲಿಗೆ ಗುಟ್ಟು ಕೆಟ್ಟ ಹಾಗೆಯೇ. ಅದರಲ್ಲೂ ಒಂಬತ್ತನೆಯದು ಸಾಯುವ ಯೋಚನೆ ಬಂದಿತ್ತೇ ಅನ್ನುವ ಪ್ರಶ್ನೆ. ಅದನ್ನು ಸಾಲಿನಲ್ಲಿ ನಿಲ್ಲಿಸಿ ಕೇಳಿದರೆ ಯಾರು ತಾನೇ ಹೌದು ಅಂದಾರು?

ಬಜಾರಿನ ಕಿರಾಣಿ ವ್ಯಾಪಾರಿಯೊಬ್ಬರು ತಮ್ಮ ಅನುಭವ ಹೇಳಿ ನಕ್ಕರು. "ಕೆಲಸದಲ್ಲಿ ಇಂಟರೆಸ್ಟ್ ಇದೆಯಾ ಅಂದ್ರು ಸಾರ್. ಇಂಟರೆಸ್ಟ್ ಕಟ್ಟೀ ಕಟ್ಟೀನೇ ನಿದ್ದೆ ಹೋಗಿದ್ದು ಅಂದೆ." ಸಾಲದ ಬಗ್ಗೆ ಹಾಳೆಯಲ್ಲಿ ಪ್ರಶ್ನೆಯೇ ಇಲ್ಲ. ಅವರದ್ದು ಇನ್ನೊಂದು ತಕರಾರು: ನಿದ್ದೆ ಬರೋದಿಲ್ಲವಾ, ಇಲ್ಲಾ ಜಾಸ್ತಿ ಬರುತ್ತಾ ಅಂತ ಎರಡನ್ನೂ ಒಂದೇ ಪ್ರಶ್ನೆಗೆ ತುರುಕಿದ್ದಾರೆ, ಊಟದ್ದೂ ಹಾಗೇ. "ಅಕ್ಕಿಗೂ ಬೇಳೆಗೂ ಒಂದೇ ಬಿಲ್ ಹಾಕಿದಂಗೆ!" ವ್ಯಾಪಾರಿ ಬುದ್ಧಿ ಅಂದ್ರೆ ಇದಪ್ಪ.

ಹಾಗಂತ ಹಾಳೆಯೇ ದಂಡ ಅನ್ನಲಾಗದು. ಒಬ್ಬ ಬಸ್ ಕಂಡಕ್ಟರು ಹೇಳಿದ್ದು ಕೇಳಿ. "ಡಾಕ್ಟರ ಎದುರು ಬಾಯೇ ಬರ್ತಿರಲಿಲ್ಲ. ಮೂಲೇಲಿ ಕೂತು ಟಿಕ್ ಹಾಕ್ದೆ. ಹೇಳೋಕಾಗದ್ದೆಲ್ಲ ಕಾಗದದ ಮೇಲೆ ಬಂತು." ಅಂದು 16 ಇದ್ದ ಅಂಕ ನಾಲ್ಕು ತಿಂಗಳ ಚಿಕಿತ್ಸೆಯಲ್ಲಿ 7ಕ್ಕೆ ಇಳಿಯಿತಂತೆ. ಆದರೆ ಹಾಳೆ ಡಿಪೋಗೆ ಹೋದೀತೆಂಬ ದಿಗಿಲು ಬಹಳ ದಿನ ಇತ್ತು. ರೋಗಿಯ ವಿವರ ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ನಿಮ್ಹಾನ್ಸ್‌ನವರು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮನೋರೋಗ ಚಿಕಿತ್ಸೆಯನ್ನು ಹಳ್ಳಿ ಆಸ್ಪತ್ರೆಗೆ ತಂದು ತೋರಿಸಿದರು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು. ಅಂಥ ನಾಡಿನಲ್ಲಿ ಪರದೆ ಕಟ್ಟಲು ಬರಗಾಲವೇ?

ಅಂದಹಾಗೆ ಆ ಅಜ್ಜಿಯ ಕಥೆ ಸೊನ್ನೆಗೇ ಮುಗಿಯಲಿಲ್ಲ. ಒಳಗಿದ್ದ ಡಾಕ್ಟರು ಹಾಳೆ ನೋಡಿ, ಅಜ್ಜಿಯನ್ನೂ ನೋಡಿ, ಮಗ-ಸೊಸೆಯನ್ನು ಹೊರಗೆ ಕಳಿಸಿದರಂತೆ. "ರಾತ್ರಿ ಎಷ್ಟೊತ್ತಿಗೆ ಎಚ್ಚರ ಆಗುತ್ತಜ್ಜೀ?" ಅಂತ ಶುರು ಮಾಡಿದರಂತೆ. ಮತ್ತೆ ತುಂಬಿದಾಗ ಅಂಕ 14. "ಯಜಮಾನ್ರು ಹೋದ ಮೇಲೆ ಎದೆ ಮೇಲೆ ಕಲ್ಲು ಹೇರಿದಂಗೆ ಐತಪ್ಪಾ. ಅದನ್ನ ಅವಳ ಮುಂದೆ ಹೆಂಗೆ ಹೇಳ್ಲಿ?" ಎಂದು ಗೇಟಿನ ಬಳಿ ನನಗೆ ಹೇಳುತ್ತಿದ್ದವರು, ಸೊಸೆ ಮಾತ್ರೆ ತಗೊಂಡು ಬರುತ್ತಿದ್ದಂತೆ ಸುಮ್ಮನಾದರು.

ಸಾಲಿನಲ್ಲಿ ನಿಲ್ಲಲು ಸಂಕೋಚಪಡುವವರು 14416ಕ್ಕೆ ಫೋನ್ ಮಾಡಬಹುದು. ಇದು ಸರ್ಕಾರದ ಟೆಲಿ ಮಾನಸ್, 2022ರಿಂದ ಇದೆ, ಕಾಸು ಕೇಳೋದಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಇನ್ನು ಆಸ್ಪತ್ರೆಯ ಪರದೆಗೆ ಬೇಕಾದ ಬಟ್ಟೆ ಕೊಡಲು ನಮ್ಮ ಬಜಾರಿನ ಜವಳಿ ವ್ಯಾಪಾರಿಯೊಬ್ಬರು ಒಪ್ಪಿದ್ದಾರೆ. ಎಷ್ಟು ಮೀಟರು ಬೇಕೆಂದು ಆಸ್ಪತ್ರೆಯವರು ತಿಳಿಸಲಿ.