ಅರಿಶಿನ, ಕರಿಮೆಣಸು ಮತ್ತು ನಮ್ಮ ಜೀವಕೋಶಗಳು

ಅರಿಶಿನವಿಲ್ಲದ ಅಡುಗೆ ನಮ್ಮ ಮನೆಗಳಲ್ಲಿ ಅಪರೂಪ. ಯಡಿಯೂರಿನ ಕುಟುಂಬಗಳ ಸಾರು, ಪಲ್ಯಗಳಿಗೆ ದಿನವೂ ಬೀಳುವ ಈ ಹಳದಿ ಪುಡಿ ಇಂದು ಗುಳಿಗೆಯ ರೂಪದಲ್ಲಿಯೂ ಔಷಧದಂಗಡಿಗಳನ್ನು ಸೇರಿದೆ. ಅದನ್ನು ನುಂಗುವ ಮುನ್ನ, ನಮ್ಮ ನಗರದಲ್ಲಿಯೇ ನಡೆದ ಒಂದು ಸಂಶೋಧನೆಯನ್ನು ಅರಿಯುವುದು ಒಳಿತು.

ಅರಿಶಿನಕ್ಕೆ ಬಣ್ಣ ನೀಡುವ ಮುಖ್ಯ ವಸ್ತು ಕರ್ಕ್ಯುಮಿನ್. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಗೆ ಅದನ್ನು ಬೆರೆಸಿದಾಗ, ಉರಿಯೂತವನ್ನು ಪ್ರೇರೇಪಿಸುವ ಪ್ರೋಟೀನುಗಳ ಚಟುವಟಿಕೆ ತಗ್ಗುತ್ತದೆ. ಆದರೆ ಗಾಜಿನ ತಟ್ಟೆಯಲ್ಲಿ ಕಂಡದ್ದೆಲ್ಲವೂ ಶರೀರದಲ್ಲಿ ಕಾಣಲಾರದು. ತಿಂದ ಕರ್ಕ್ಯುಮಿನ್‌ನ ಅತ್ಯಲ್ಪ ಅಂಶ ಮಾತ್ರ ರಕ್ತವನ್ನು ಸೇರುತ್ತದೆ. ಕರುಳು ಮತ್ತು ಯಕೃತ್ತು ಅದನ್ನು ಬಲುಬೇಗ ರೂಪಾಂತರಿಸಿ ಹೊರಹಾಕುತ್ತವೆ.

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದ ಸಂಶೋಧಕರು ಈ ತೊಡಕನ್ನೇ ಪರಿಶೀಲಿಸಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ, ಅದು ರಕ್ತದಲ್ಲಿ ಇತ್ತೋ ಇಲ್ಲವೋ ಎಂಬಷ್ಟು ಕಡಿಮೆಯಿತ್ತು. ಅದರೊಡನೆ ಕರಿಮೆಣಸಿನ ಖಾರದ ಸಾರವಾದ ಪೈಪರೀನ್ 20 ಮಿಲಿಗ್ರಾಂ ಸೇರಿಸಿದಾಗ, ಮೊದಲ ಒಂದು ಗಂಟೆಯಲ್ಲಿ ರಕ್ತಕ್ಕೆ ದಕ್ಕಿದ ಪ್ರಮಾಣ ಬಹಳ ಏರಿತು. ಒಟ್ಟಾರೆ ಹೆಚ್ಚಳ ಶೇ. 2000.

ಇದರಿಂದ ಸಾರೇ ಔಷಧವೆಂದು ತಿಳಿಯಬಾರದು. 100 ಗ್ರಾಂ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3 ಗ್ರಾಂ. ಆ ಲೆಕ್ಕದಲ್ಲಿ 2 ಗ್ರಾಂ ಪಡೆಯಲು 60 ಗ್ರಾಂಗೂ ಹೆಚ್ಚು ಪುಡಿ ಬೇಕು. ನಾವು ಹಾಕುವುದು ಚಿಟಿಕೆ ಮಾತ್ರ.

ಗಮನಿಸಬೇಕಾದ ಅಪಾಯವೊಂದಿದೆ. ಪೈಪರೀನ್ ಸಹಾಯ ಮಾಡುವುದು ಕರುಳು ಮತ್ತು ಯಕೃತ್ತಿನ ರೂಪಾಂತರ ಕಾರ್ಯವನ್ನು ನಿಧಾನಗೊಳಿಸಿ. ಹಾಗಾಗಿ ಮೂರ್ಛೆರೋಗದ ಫೆನಿಟೋಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್ ಮುಂತಾದ ಔಷಧಗಳೂ ರಕ್ತದಲ್ಲಿ ಅಳತೆ ಮೀರಬಹುದು. ಅರಿಶಿನದ ಗುಳಿಗೆಗಳನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಅಮೆರಿಕದ ವೈದ್ಯರು 2022ರಲ್ಲಿ ವರದಿಮಾಡಿದ್ದಾರೆ. ಕೆಲವು ಗುಳಿಗೆಗಳಲ್ಲಿ ಮೆಣಸಿನ ಸಾರವೂ ಬೆರೆತಿತ್ತು.

ಆದುದರಿಂದ ಸಾರಿನ ಅರಿಶಿನ-ಮೆಣಸಿಗೆ ನಾವು ಅಂಜಬೇಕಿಲ್ಲ. ಸೊಪ್ಪು, ಕಾಳು, ರಾಗಿ, ಹಣ್ಣುಗಳೊಡನೆ ಅವೂ ನಮ್ಮ ಊಟದಲ್ಲಿರಲಿ. ಆದರೆ ಗುಳಿಗೆ ಕೊಳ್ಳುವ ಮೊದಲು ವೈದ್ಯರನ್ನು ಕೇಳೋಣ. ಮನೆಯ ಹಿರಿಯರು ಅರಿಶಿನವನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನಾಗಲಿ, ಕ್ಯಾನ್ಸರ್ ಚಿಕಿತ್ಸೆಯನ್ನಾಗಲಿ ನಿಲ್ಲಿಸದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ.