ಎರಡೇ ಮಾತು ಬಲ್ಲ ಕಾವಲುಗಾರ

ಬೆಳಗು ಹರಿಯುವ ಮುನ್ನವೇ ಮಾರಿಕುಪ್ಪಂ ಬಿಟ್ಟ ರೈಲುಗಾಡಿ, ದುಡಿಯುವ ಜನರನ್ನು ತುಂಬಿಕೊಂಡು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಸಾಗುತ್ತದೆ. 2001ರ ಫೆಬ್ರವರಿಯಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದಂದಿನಿಂದ ಎಷ್ಟೋ ಸಂಸಾರಗಳ ಅನ್ನದ ದಾರಿ ಇದೇ. ಗಂಡ ಹೆಂಡಿರಿಬ್ಬರೂ ಗಾಡಿ ಹತ್ತಿದ ಮೇಲೆ ಮನೆಗೆ ಉಳಿಯುವ ಕಾವಲೆಂದರೆ ಬೀಗವೊಂದೇ. ಅಂಥ ದಿನ ನೀರಿನ ಮೋಟಾರನ್ನು ನಿಲ್ಲಿಸಲು ಮರೆತರೆ? ನಿತ್ಯ ಹರಿಯುವ ಹೊಳೆಯೊಂದೂ ಇಲ್ಲದ ಜಿಲ್ಲೆಯಿದು. ಟ್ಯಾಂಕರಿಗೆ ಹಣ ತೆತ್ತು ತುಂಬಿಸಿದ ಸಂಪು ಸಂಜೆಯ ವೇಳೆಗೆ ಚರಂಡಿಯ ಪಾಲು!

ಈ ಚಿಂತೆಯನ್ನು ಕಳೆಯಬಲ್ಲುದು ಒಂದು ಅಲ್ಪ ಉಪಕರಣ. ತೊಟ್ಟಿಯಲ್ಲಿ ತೇಲುವ ಫ್ಲೋಟ್ ಸ್ವಿಚ್ಚು ‘ಬೇಕು’ ಎನ್ನುತ್ತದೆ, ಇಲ್ಲವೆ ‘ಸಾಕು’ ಎನ್ನುತ್ತದೆ. ಮೂರನೆಯ ಮಾತನ್ನು ಅದು ಅರಿಯದು. ಬಾಗಿಲ ಚೌಕಟ್ಟಿನಲ್ಲಿ ಕೂರಿಸುವ ರೀಡ್ ಸ್ವಿಚ್ಚೂ ಅದರ ಬಂಧುವೇ. ಗಾಜಿನ ಕಿರುಗೊಳವೆಯಲ್ಲಿ ಲೋಹದ ಎರಡು ಎಸಳುಗಳು. ಕದಕ್ಕೆ ಅಂಟಿಸಿದ ಅಯಸ್ಕಾಂತ ಸಮೀಪಿಸಿದರೆ ಕೂಡುತ್ತವೆ, ದೂರ ಸರಿದರೆ ಅಗಲುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್‌ವುಡ್ 1936ರಲ್ಲಿ ಇದನ್ನು ರೂಪಿಸಿದರು.

ಉಪಕರಣ ಸರಳ, ತೊಡಕೆಲ್ಲ ಅದರ ಮೌನವನ್ನು ಅರ್ಥಮಾಡಿಕೊಳ್ಳುವುದರಲ್ಲಿದೆ. ತಂತಿಯೇ ತುಂಡಾದರೆ? ತಂತಿಯ ಹೊದಿಕೆ ಇಲಿಗಳಿಗೆ ಎಷ್ಟು ಪ್ರಿಯವೆಂಬುದನ್ನು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ತೊಟ್ಟಿ ತುಂಬಿದಾಗ ವಿದ್ಯುತ್ತು ಹರಿಯುವಂತೆ ಜೋಡಿಸಿದ್ದರೆ, ತುಂಡಾದ ತಂತಿ ‘ಸಾಕು’ ಎಂದು ಎಂದಿಗೂ ಹೇಳಲಾರದು. ಮೋಟಾರು ಓಡುತ್ತಲೇ ಇರುತ್ತದೆ. ಬರಿದಾದಾಗ ಹರಿಯುವಂತೆ ಜೋಡಿಸಿದ್ದರೆ, ತಂತಿ ಕಡಿದೊಡನೆ ಮೋಟಾರು ನಿಲ್ಲುತ್ತದೆ. ಆ ಸಂಜೆ ಕೊಳಾಯಿ ಒಣಗಿತೆಂಬ ಗೊಣಗಾಟ ಎದ್ದೀತು. ಆದರೆ ಸಂಪಿನಲ್ಲಿ ನೀರುಂಟು.

ರೈಲ್ವೆಯವರು ಈ ಜಾಣ್ಮೆಯನ್ನು ಎಂದೋ ಕಲಿತರು. 1872ರಲ್ಲಿ ವಿಲಿಯಂ ರಾಬಿನ್ಸನ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ಏರ್ಪಾಡಿನಲ್ಲಿ, ಹಳಿಗಳ ಮೂಲಕ ಹರಿಯುವ ಮಂದ ವಿದ್ಯುತ್ತು ಕೊನೆಯಲ್ಲಿರುವ ರಿಲೇಯನ್ನು ಹಿಡಿದಿಟ್ಟಿರುತ್ತದೆ. ಗಾಡಿ ಬಂದರೆ ಅದರ ಗಾಲಿಗಳೂ ಅಚ್ಚುಗಳೂ ವಿದ್ಯುತ್ತಿಗೆ ಅಡ್ಡದಾರಿಯಾಗುತ್ತವೆ. ರಿಲೇ ಕಳಚುತ್ತದೆ, ಸಿಗ್ನಲ್ಲು ಕೆಂಪಾಗುತ್ತದೆ. ಬ್ಯಾಟರಿ ಸತ್ತರೂ ಕೆಂಪೇ. ಗಣಿಯ ಪಂಜರವನ್ನು ಏರಿಸಿ ಇಳಿಸುವ ವಿದ್ಯುತ್ ಯಂತ್ರಗಳ ಕಟ್ಟಳೆಯೂ ಇದೇ: ಶಕ್ತಿ ತಪ್ಪಿದರೆ ಬ್ರೇಕು ತಾನಾಗಿ ಬಿಗಿಯಬೇಕು. ನೆಲದಡಿ 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಜನ ಇಳಿದು ದುಡಿದ ಊರಿಗೆ ಇದರ ಬೆಲೆ ತಿಳಿಯದೆ?

ಇನ್ನೊಂದು ಕೀಟಲೆಯುಂಟು. ಬೀಳುವ ನೀರಿನ ಅಲೆಗೆ ಸಿಕ್ಕ ಫ್ಲೋಟು ‘ಬೇಕು, ಸಾಕು, ಬೇಕು’ ಎಂದು ತೊದಲಿದರೆ ಮೋಟಾರು ಕ್ಷಣಕ್ಕೊಮ್ಮೆ ಹೊರಟು ನಿಂತು ಕೆಡುತ್ತದೆ. ಫ್ಲೋಟಿನ ತಂತಿಯನ್ನು ತುಸು ಉದ್ದ ಬಿಟ್ಟು ಕಟ್ಟಿದರೆ, ಹೊರಡುವ ಮಟ್ಟಕ್ಕೂ ನಿಲ್ಲುವ ಮಟ್ಟಕ್ಕೂ ಸಾಕಷ್ಟು ಅಂತರ ಬೀಳುತ್ತದೆ.

ಒಳಗಿನ ಕೊಂಡಿಗಳು ಬೆಸೆದುಕೊಂಡರೆ ಮಾತ್ರ ಈ ಕಾವಲುಗಾರನೂ ಸುಳ್ಳಾಡುತ್ತಾನೆ. ಆದ್ದರಿಂದ ಸಂಪಿನಲ್ಲೊಂದು ಎರಡನೆಯ ಫ್ಲೋಟನ್ನು ಅದೇ ಸಾಲಿನಲ್ಲಿ ಸೇರಿಸುವುದುಂಟು. ಸಂಪು ಬತ್ತಿದರೆ ಅದು ತಡೆಯುತ್ತದೆ, ಮೋಟಾರಾದರೂ ಸುಡದೆ ಉಳಿಯುತ್ತದೆ. ತಿಂಗಳಿಗೊಮ್ಮೆ, ಮೋಟಾರು ಓಡುತ್ತಿರುವಾಗ, ಮೇಲಿನ ತೊಟ್ಟಿಯ ಫ್ಲೋಟನ್ನು ಒಣಗಿದ ಕೋಲಿನಿಂದ ಎತ್ತಿ ನೋಡಬೇಕು. ಸದ್ದು ಅಡಗದಿದ್ದರೆ ಮುಖ್ಯ ಸ್ವಿಚ್ಚನ್ನು ಇಳಿಸಿಯೇ ಗಾಡಿಗೆ ಹೊರಡುವುದು ಲೇಸು.