ಅಭ್ಯಾಸದ ಖಡ್ಗ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆ ಗರಡಿಯಾಳುಗಳ ಸೀಮೆ. ಇಲ್ಲಿಯ ಜನ ಗರಡಿಮನೆಯನ್ನು ತಾಲೀಮು ಎಂದೂ, ಅಲ್ಲಿ ಕಲಿಸುವ ಗುರುವನ್ನು ವಸ್ತಾದ ಎಂದೂ ಕರೆಯುತ್ತಾರೆ. ಈ ಸೀಮೆಗೆ ಹೊಂದಿಕೊಂಡಿರುವ ಕೊಲ್ಲಾಪುರವು ಕುಸ್ತಿಯಂತೆಯೇ 'ಮರ್ದಾನಿ ಖೇಳ' ಎಂಬ ಆಯುಧವಿದ್ಯೆಗೂ ಹೆಸರಾಗಿದೆ. ಲಾಠಿ, ಕತ್ತಿ ಮತ್ತು ದಾಂಡಪಟ್ಟಾ ಅದರ ಮುಖ್ಯ ಸಾಧನಗಳು.

ಈ ಆಟದಲ್ಲಿ ನೋಡುವವರ ಉಸಿರು ಹಿಡಿಸುವ ಪಟ್ಟೊಂದಿದೆ. ಒಬ್ಬನು ಅಂಗೈ ಮೇಲೆ ನಿಂಬೆಹಣ್ಣನ್ನಿಟ್ಟುಕೊಂಡು ಅಲುಗಾಡದೆ ಕೂರುತ್ತಾನೆ. ಪಟ್ಟಾ ಬೀಸುವವನು ಒಂದೇ ಏಟಿಗೆ ಹಣ್ಣನ್ನು ಎರಡು ಹೋಳು ಮಾಡುತ್ತಾನೆ; ಅಂಗೈಗೆ ಗೀರೂ ಬೀಳುವುದಿಲ್ಲ. ನೋಡುವವರು ಹೊಗಳುವುದು ಬೀಸಿದ ರಭಸವನ್ನು. ಆದರೆ ಕೈಯನ್ನು ಉಳಿಸಿದ್ದು ರಭಸವಲ್ಲ, ಅಲಗನ್ನು ಬೇಕಾದೆಡೆ ನಿಲ್ಲಿಸಬಲ್ಲ ಹತೋಟಿ. ಆಯುಧವನ್ನು ಬೀಸುವುದು ಸುಲಭ, ನಿಲ್ಲಿಸುವುದೇ ವಿದ್ಯೆ.

ಆದುದರಿಂದಲೇ ಹೊಸಬನ ಕೈಗೆ ಹರಿತವಾದ ಆಯುಧವನ್ನು ಕೊಡುವುದಿಲ್ಲ. ದಾಂಡಪಟ್ಟಾದ ಅಲಗು ನೀಳವಾದುದು, ಬಳುಕುವಂಥದು, ಎರಡೂ ಅಂಚಿನಲ್ಲಿ ಹರಿತವಾದುದು. ಅದರ ಹಿಡಿಕೆ ಮುಂಗೈಯನ್ನು ಲೋಹದ ಕವಚದಂತೆ ಮುಚ್ಚುವುದರಿಂದ ಮಣಿಕಟ್ಟು ಬಾಗದು. ಇಡೀ ತೋಳಿನಿಂದಲೇ ಅದನ್ನು ಆಡಿಸಬೇಕು. ಪಳಗದ ಕೈಯಲ್ಲಿ ಅದು ಹಿಡಿದವನನ್ನೇ ಗಾಯಗೊಳಿಸೀತು. ಅದಕ್ಕಾಗಿ ಮೊದಲು ಲಾಠಿ, ಬಳಿಕ 'ಫರಿ-ಗದಕಾ'. ಗದಕಾ ಎಂದರೆ ತೊಗಲು ಹೊದಿಸಿದ ಕೋಲು, ಫರಿ ಎಂದರೆ ಚಿಕ್ಕ ಗುರಾಣಿ. ಏಟು ತಗುಲಿದರೆ ನೋವಾಗುತ್ತದೆ, ಪ್ರಾಣಕ್ಕೆ ಎರವಾಗುವುದಿಲ್ಲ. ತಪ್ಪು ಮಾತ್ರ ಚೆನ್ನಾಗಿ ನೆನಪಿರುತ್ತದೆ.

ಇದೇ ವಿವೇಕವನ್ನು ದೂರದ ಜಪಾನಿನಲ್ಲಿಯೂ ಕಾಣಬಹುದು. ಅಲ್ಲಿಯ ಖಡ್ಗವಿದ್ಯೆಯ ಅಭ್ಯಾಸಕ್ಕೆ ಮುಖ್ಯವಾಗಿ ಮೂರು ಬಗೆಯ ಖಡ್ಗಗಳಿವೆ. ಮೊದಲನೆಯದು 'ಬೊಕುತೊ' ಎಂಬ ಮರದ ಖಡ್ಗ. ಓಕ್ ಮರದಿಂದ ಮಾಡಿದ ಇದರ ಉದ್ದ ಸುಮಾರು ಒಂದು ಮೀಟರ್. ಎರಡನೆಯದು 'ಶಿನಾಯಿ', ನಾಲ್ಕು ಬಿದಿರಿನ ಸೀಳುಗಳನ್ನು ತೊಗಲಿನಿಂದಲೂ ದಾರದಿಂದಲೂ ಬಂಧಿಸಿ ಇದನ್ನು ಮಾಡುತ್ತಾರೆ. ಮೂರನೆಯದು 'ಇಆಯ್ತೊ', ಸಾಮಾನ್ಯವಾಗಿ ಮಿಶ್ರಲೋಹದಿಂದ ಮಾಡಿದ, ಹರಿತವಿಲ್ಲದ ಖಡ್ಗ. ಒರೆಯಿಂದ ಸೆಳೆಯುವ ವಿದ್ಯೆಯನ್ನು ಒಬ್ಬನೇ ಅಭ್ಯಸಿಸಲು ಇದು ತಕ್ಕುದು. ಇನ್ನೊಂದು ಖಡ್ಗಕ್ಕೆ ಬಡಿಯಲು ತಕ್ಕುದಲ್ಲ. ಹೀಗೆ ಆಯ್ಕೆಯ ಮೊದಲ ನಿಯಮ, ಕಲಿಯುವ ಪಾಠಕ್ಕೆ ಹೊಂದುವ ಖಡ್ಗವನ್ನು ಆರಿಸುವುದು.

ಎರಡನೆಯ ನಿಯಮ, ಕಲಿಯುವವನ ಮೈಕಟ್ಟಿಗೆ ಹೊಂದಬೇಕೆಂಬುದು. ಖಡ್ಗ ತೀರ ಉದ್ದವಾದರೆ ಒರೆಯಿಂದ ಪೂರ್ತಿ ಹೊರಬರದು. ತೀರ ಭಾರವಾದರೆ ಬೀಸಿದ ಮೇಲೆ ನಿಲ್ಲದು. ಭಾರವೆಲ್ಲ ತುದಿಯಲ್ಲಿದ್ದರೆ ತೋಳು ಬೇಗ ದಣಿಯುತ್ತದೆ. ಜಪಾನಿನ 'ಕೆಂಡೊ' ಕ್ರೀಡೆಯಲ್ಲಿ ಇದಕ್ಕೆ ಖಚಿತವಾದ ಅಳತೆಗಳಿವೆ. ಹೆಚ್ಚುಕಡಿಮೆ ಒಂಬತ್ತನೆಯ ತರಗತಿಯವರ ವಯಸ್ಸಿನ ಮಕ್ಕಳ ಶಿನಾಯಿ 114 ಸೆಂಟಿಮೀಟರ್ ಮೀರಬಾರದು. ತೂಕವು ಬಾಲಕರಿಗೆ 440 ಗ್ರಾಂ, ಬಾಲಕಿಯರಿಗೆ 400 ಗ್ರಾಮಿಗೆ ಕಡಿಮೆಯಿರಬಾರದು. ವಯಸ್ಕರಿಗೆ ಉದ್ದದ ಮಿತಿ 120 ಸೆಂಟಿಮೀಟರ್. ತೂಕಕ್ಕೆ ಕನಿಷ್ಠ ಮಿತಿ ಏಕೆಂಬ ಸಂದೇಹ ಬರಬಹುದು. ತೀರ ಹಗುರವಾದ ಬಿದಿರು ತೆಳುವಾಗಿರುತ್ತದೆ. ತೆಳುವಾದುದು ಬೇಗ ಸೀಳುತ್ತದೆ.

ಮೂರನೆಯ ನಿಯಮ ಎಲ್ಲಕ್ಕಿಂತ ಮುಖ್ಯವಾದುದು. ಆರಿಸಿದ ಖಡ್ಗವನ್ನು ಪ್ರತಿದಿನವೂ ಪರೀಕ್ಷಿಸಬೇಕು. ಕೆಂಡೊ ಆಡುವವರು ಮುಖಕ್ಕೆ ಸರಳುಗಳುಳ್ಳ ಕವಚವನ್ನು ತೊಡುತ್ತಾರೆ. ಆದರೂ ಬಿದಿರಿನ ಸಣ್ಣದೊಂದು ಸಿಬಿರು ಆ ಸರಳುಗಳ ನಡುವೆ ನುಗ್ಗಿ ಎದುರಾಳಿಯ ಕಣ್ಣನ್ನು ಕಳೆಯಬಲ್ಲುದು. ಆದಕಾರಣ ಅಭ್ಯಾಸಕ್ಕೆ ಮುಂಚೆ ಸೀಳುಗಳ ಮೇಲೆ ಕಣ್ಣಾಡಿಸಿ, ದಾರ ಸಡಿಲಿದೆಯೇ, ತುದಿಯ ತೊಗಲು ಹರಿದಿದೆಯೇ ಎಂದು ನೋಡುವುದು ಅಲ್ಲಿಯ ಶಿಸ್ತು. ಲಾಠಿಗೂ ಇದೇ ಮಾತು ಸಲ್ಲುತ್ತದೆ. ಹುಳು ತಿನ್ನದ, ಬಿರುಕಿಲ್ಲದ, ಗಿಣ್ಣುಗಳನ್ನು ನುಣುಪಾಗಿ ಕೆತ್ತಿದ ಗಟ್ಟಿ ಬಿದಿರೇ ಯೋಗ್ಯವಾದುದು.

ಮರದ ಖಡ್ಗವೆಂದು ಹಗುರವಾಗಿ ಎಣಿಸುವುದೂ ತಪ್ಪು. ಜಪಾನಿನ ಪ್ರಸಿದ್ಧ ಖಡ್ಗಪಟು ಮಿಯಾಮೊತೊ ಮುಸಾಶಿ 1612ರಲ್ಲಿ ದ್ವೀಪವೊಂದರಲ್ಲಿ ನಡೆದ ದ್ವಂದ್ವದಲ್ಲಿ ಮರದ ಖಡ್ಗದಿಂದಲೇ ಎದುರಾಳಿಯನ್ನು ಕೊಂದನೆಂದು ಪ್ರತೀತಿಯಿದೆ. ಅಲಗಿಗೆ ಹರಿತವಿಲ್ಲದಿದ್ದರೂ ಹಿಡಿದ ಕೈಗೆ ಹೊಣೆ ಇದ್ದೇ ಇರುತ್ತದೆ.

ಹೊಳೆಯುವ ಅಲಗನ್ನು ಕಂಡು ಮನಸೋಲುವುದು ಎಳೆಯ ವಯಸ್ಸಿಗೆ ಸಹಜ. ಆದರೆ ತಕ್ಕ ಖಡ್ಗವನ್ನು ಆರಿಸುವವನು ಅದರ ಅಂದವನ್ನಷ್ಟೇ ನೋಡುವುದಿಲ್ಲ; ತನ್ನ ತೋಳಿನ ಶಕ್ತಿಯನ್ನೂ, ಎದುರು ನಿಂತವನ ಕ್ಷೇಮವನ್ನೂ ನೋಡುತ್ತಾನೆ. ಅಂಗೈ ಮೇಲೆ ನಿಂಬೆಹಣ್ಣನ್ನಿಟ್ಟುಕೊಂಡು ಕುಳಿತವನು ನಂಬಿರುವುದು ಪಟ್ಟಾದ ಅಲಗನ್ನಲ್ಲ. ಕೋಲು ಹಿಡಿದು ವರ್ಷಗಟ್ಟಲೆ ಪಳಗಿದ ಗೆಳೆಯನ ಕೈಯನ್ನು.